ಮಗುವನ್ನು ಎಲ್ಲಿ ಬಿಡುವುದು?

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಹೊನ್ನಾವರದಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತಾಡಲು ನಾವು ಇಲ್ಲಿ ಸೇರಿದ್ದೇವೆ. ಬೆಳಗ್ಗಿನಿಂದ ಕಾನೂನಿನ ವಿಷಯ ಕೇಳಿದಿರಿ, ಪೊಲೀಸ್ ಠಾಣೆಯ ವಿಷಯ ಕೇಳಿದಿರಿ, ಊರ ಪಂಚಾಯ್ತಿಕೆಯ ವಿಷಯವನ್ನೂ ಕೇಳಿದಿರಿ. ನನಗೆ ಕೊಟ್ಟ ವಿಷಯ ಅಂಗನವಾಡಿ. "ಹೊಡೆತ ಬಡಿತದ ಸಭೆಯಲ್ಲಿ ಬಾಲವಾಡಿಯ ಸುದ್ದಿ ಎಂತಕ್ಕೆ?" ಎಂದು ಊಟದ ಹೊತ್ತಿಗೆ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುವುದೇ ಈಗ ನನ್ನ ಕೆಲಸ.

ನಾನು ಕುಮಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತಾರು ವರ್ಷ ಅಂಗನವಾಡಿ ನಡೆಸಿದವಳು. ಮಕ್ಕಳು ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಅವರ ಆಯಿಯಂದಿರೂ ಹಾಗೇ ಕರೆಯುತ್ತಿದ್ದರು. ಹೊಡೆಸಿಕೊಂಡು ಬಂದ ಹೆಂಗಸರು ನನ್ನ ಕೇಂದ್ರದ ಜಗಲಿಯ ಮೇಲೆ ಕೂತು ಅತ್ತದ್ದುಂಟು. ಅವರು ಮೊದಲಿಗೆ ಪೊಲೀಸರ ವಿಷಯ ಕೇಳುತ್ತಿರಲಿಲ್ಲ, ವಕೀಲರ ವಿಷಯವನ್ನೂ ಕೇಳುತ್ತಿರಲಿಲ್ಲ. "ಅಕ್ಕೋರೇ, ನಾ ದುಡೂಕೆ ಹೋದ್ರೆ ಈ ಕೂಸನ್ನ ಎಲ್ಲಿ ಬಿಡೂದು?" ಎಂದು ಕೇಳುತ್ತಿದ್ದರು. ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಮಂದಿ ಹೊಡೆಯುವ ಮನೆಗೇ ತಿರುಗಿ ಹೋದರು.

ಯಾರ ಉಪಕಾರ, ಯಾರ ಋಣ

ನಮ್ಮ ಕರಾವಳಿಯಲ್ಲಿ ದುಡಿಯದ ಹೆಂಗಸು ಯಾರಿದ್ದಾರೆ ಹೇಳಿ. ಮೀನು ಮಾರುವವಳು ಬೆಳಕು ಹರಿಯುವ ಮೊದಲೇ ಬಂದರಿನಲ್ಲಿ ಇರಬೇಕು. ಭಟ್ಕಳ ಬಂದರು, ಕಾಸರಕೋಡು, ತದಡಿ ಎಲ್ಲ ಕಡೆ ಹೀಗೇ. ಅಘನಾಶಿನಿಯಲ್ಲಿ ಬಳಚು ತೆಗೆಯುವವಳಿಗೆ ಗಡಿಯಾರ ಎಂದರೆ ನೀರಿನ ಇಳಿತ. ಅದು ಇವತ್ತು ಒಂದು ಹೊತ್ತಾದರೆ ನಾಳೆ ಇನ್ನೊಂದು ಹೊತ್ತು. ಗೇರುಬೀಜದ ಕಾರ್ಖಾನೆಗೆ ಹೋಗುವವರಿದ್ದಾರೆ. ಭಟ್ಕಳದ ಕಡೆ ಮನೆಯಲ್ಲೇ ಕೂತು ಮಲ್ಲಿಗೆ ಕಟ್ಟುವವರಿದ್ದಾರೆ. ಗಂಡಸರಲ್ಲಿ ಕೆಲವರು ಗೋವಾ, ರತ್ನಾಗಿರಿಯ ದೋಣಿಗಳಲ್ಲಿ, ಕೆಲವರು ಗಲ್ಫಿನಲ್ಲಿ. ಮನೆ, ಗದ್ದೆ, ಕೊಟ್ಟಿಗೆ, ಮಗು ಎಲ್ಲವೂ ಹೆಂಗಸಿನ ತಲೆಯ ಮೇಲೆ.

ಇವಳು ಹೊರಗೆ ಹೋದಾಗ ಮಗುವನ್ನು ನೋಡುವವರು ಯಾರು? ಅತ್ತೆ ನೋಡಬೇಕು, ಇಲ್ಲವೇ ನಾದಿನಿ ನೋಡಬೇಕು. ಅವರಿಬ್ಬರೂ ಇಲ್ಲದಿದ್ದರೆ ಎಂಟು ಹತ್ತು ವರ್ಷದ ದೊಡ್ಡ ಮಗಳು ಶಾಲೆ ಬಿಟ್ಟು ನೋಡಬೇಕು.

ಅತ್ತೆ ಮೊಮ್ಮಗುವನ್ನು ನೋಡಿಕೊಳ್ಳುವುದು ಪ್ರೀತಿಯಿಂದಲೇ. ಪ್ರೀತಿಯನ್ನು ನಾನು ಹಳಿಯುವುದಿಲ್ಲ. ಆದರೆ ಅದು ಆ ಮನೆಯೊಳಗಿನ ಉಪಕಾರ. ಉಪಕಾರಕ್ಕೆ ಋಣ ಇದೆ, ಋಣಕ್ಕೆ ಬಡ್ಡಿ ಇದೆ. "ನಿನ್ನ ಕೂಸನ್ನ ನಾ ನೋಡಿದ್ದಕ್ಕೆ ನೀ ಪ್ಯಾಟೆಗೆ ಹೋಗ್ತೆ" ಎಂಬ ಮಾತಿನ ಹಿಂದೆಯೇ ನಿನ್ನ ದುಡಿಮೆಯ ದುಡ್ಡು ಇತ್ತ ಕೊಡು, ತವರಿನಿಂದ ಬರಬೇಕಾದ ಬಾಕಿ ಬಂಗಾರ ತಾ, ಸಂಘದ ಸಭೆಗೆ ಹೋಗಬೇಡ ಎಂಬ ಮಾತುಗಳೂ ಬರುತ್ತವೆ. ಮಗುವನ್ನು ಹಿಡಿದುಕೊಂಡವರ ಕೈಯಲ್ಲಿ ತಾಯಿಯ ಹಗ್ಗವೂ ಇರುತ್ತದೆ.

ಇನ್ನು ದೊಡ್ಡ ಮಗಳ ವಿಷಯ. ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿದ ಹುಡುಗಿ ಶಾಲೆಯಲ್ಲಿ ಹಿಂದೆ ಬೀಳುತ್ತಾಳೆ. ಹಿಂದೆ ಬಿದ್ದವಳು ಶಾಲೆ ಬಿಡುತ್ತಾಳೆ. ಶಾಲೆ ಬಿಟ್ಟವಳಿಗೆ ಬೇಗ ಗಂಡು ನೋಡುತ್ತಾರೆ. ಕೈಯಲ್ಲಿ ಕಸುಬಿಲ್ಲದ, ಓದಿಲ್ಲದ ಹುಡುಗಿಗೆ ವರದಕ್ಷಿಣೆಯ ಲೆಕ್ಕ ಏರುತ್ತದೆ. ವರದಕ್ಷಿಣೆಯ ಕಥೆ ಮದುವೆ ಮಾತುಕತೆಯ ದಿನ ಶುರುವಾಗುತ್ತದೆ ಎಂದುಕೊಂಡಿದ್ದೇವೆ. ಎಷ್ಟೋ ಮನೆಗಳಲ್ಲಿ ಅದು ಶುರುವಾಗುವುದು ಹತ್ತು ವರ್ಷದ ಹುಡುಗಿಯ ಸೊಂಟಕ್ಕೆ ತಮ್ಮನನ್ನು ಕೂರಿಸಿದ ದಿನ.

ಒಬ್ಬಳೇ ಹೆಂಗಸು, ಎರಡು ಸಲ

ಒಬ್ಬಳ ವಿಷಯ ಹೇಳುತ್ತೇನೆ. ಹೆಸರು ಬೇಡ. ಗಂಡನ ಮನೆಯವರು ಬೈಕಿಗೆಂದು ಹಣ ಕೇಳಿದರು. ಕೊಡಲಾಗಲಿಲ್ಲ. ಹೊಡೆತ ತಾಳಲಾರದೆ ಒಂದೂವರೆ ವರ್ಷದ ಮಗುವನ್ನು ಕಟ್ಟಿಕೊಂಡು ತವರಿಗೆ ಬಂದಳು. ತವರಿನಲ್ಲಿ ಅಣ್ಣ, ಅತ್ತಿಗೆ, ಹಾಸಿಗೆ ಹಿಡಿದ ಆಯಿ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಗುವನ್ನು ಹಿಡಿಯುವವರು ಸಿಗಲಿಲ್ಲ. ಅತ್ತಿಗೆಗೆ ತನ್ನದೇ ಎರಡು ಮಕ್ಕಳು. ಅವಳೂ ಕೂಲಿಗೆ ಹೋಗುವವಳು. ಕಾನೂನಿನಂತೆ ನನ್ನ ಅಂಗನವಾಡಿಯಲ್ಲಿ ಆ ಮಗುವಿಗೆ ಪೌಷ್ಟಿಕ ಆಹಾರದ ಪೊಟ್ಟಣ ಇತ್ತು, ಚುಚ್ಚುಮದ್ದು ಇತ್ತು, ತೂಕದ ಪಟ್ಟಿಯಲ್ಲಿ ಹೆಸರಿತ್ತು. ಹಗಲಿಡೀ ಕೂರುವ ಜಾಗ ಇರಲಿಲ್ಲ, ಏಕೆಂದರೆ ಕೂರಿಸಿ ಕಲಿಸುವುದು ಮೂರು ವರ್ಷ ತುಂಬಿದವರಿಗೆ ಮಾತ್ರ. ಮೂರು ತಿಂಗಳು ನೋಡಿದಳು. ಅಣ್ಣನ ಮನೆಯಲ್ಲಿ ಕೂತು ಉಣ್ಣುವುದು ಆಗಲಿಲ್ಲ. ಗಂಡನ ಮನೆಗೆ ಹಿಂದಿರುಗಿದಳು.

ಎರಡು ವರ್ಷದ ಮೇಲೆ ಮತ್ತೆ ಬಂದಳು. ಈ ಸಲ ಕೈ ಮುರಿದಿತ್ತು. ಅದೇ ತವರು, ಅದೇ ಅಣ್ಣ, ಅದೇ ಕಾರ್ಖಾನೆ, ಅದೇ ಕಾನೂನು. ಬದಲಾದದ್ದು ಒಂದೇ, ಮಗುವಿಗೆ ಮೂರೂವರೆ ವರ್ಷ ಆಗಿತ್ತು. ಕೈ ಕೂಡಿದ ಮೇಲೆ ಮಗುವನ್ನು ನನ್ನಲ್ಲಿ ಬಿಟ್ಟು ಕೆಲಸಕ್ಕೆ ಹೋದಳು. ಸಂಜೆ ಒಂದೂವರೆ ತಾಸು ಮಗುವನ್ನು ನಮ್ಮ ಸಹಾಯಕಿ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅವಳು ಗಂಡನ ಮನೆಗೆ ಮತ್ತೆ ಹೋಗಲಿಲ್ಲ. ಜೀವನಾಂಶಕ್ಕೆ ಅರ್ಜಿ ಹಾಕಿದಳು, ಗೆದ್ದಳು.

ಆ ಎರಡು ವರ್ಷದ ಹೊಡೆತ ಏತಕ್ಕೆ ಬಿತ್ತು? ಧೈರ್ಯ ಇಲ್ಲದ್ದಕ್ಕೆ ಎಂದು ಕೆಲವರು ಹೇಳುತ್ತಾರೆ. ಅವಳಿಗೆ ಧೈರ್ಯ ಮೊದಲ ಸಲವೂ ಇತ್ತು. ಇರದಿದ್ದದ್ದು ಮಗುವಿಗೆ ಒಂದು ಜಾಗ.

ಈ ಬಾಲವಾಡಿ ಬಂದದ್ದು ಎಲ್ಲಿಂದ?

ಈಗ ಪೇಟೆಯಲ್ಲಿ ‘ಮಾಂಟೆಸ್ಸರಿ’ ಎಂದು ಬೋರ್ಡು ಹಾಕಿದ ಶಾಲೆ ಕಂಡರೆ ಇದು ದುಡ್ಡಿದ್ದವರಿಗೆ ಎಂದು ನಾವು ಆಚೆ ನಡೆಯುತ್ತೇವೆ. ಮಾರಿಯಾ ಮಾಂಟೆಸ್ಸರಿ ಎಂಬ ಡಾಕ್ಟರಮ್ಮ ೧೯೦೭ರಲ್ಲಿ ರೋಮ್ ನಗರದಲ್ಲಿ ತೆರೆದ ಮೊದಲ ಮಕ್ಕಳ ಮನೆ ಕೂಲಿಕಾರರ ಕೇರಿಯಲ್ಲಿತ್ತು. ತಂದೆತಾಯಿ ಇಬ್ಬರೂ ದುಡಿಯಲು ಹೋದಾಗ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಮಕ್ಕಳಿಗಾಗಿ ಅದು ಹುಟ್ಟಿತು. ಆ ಪದ್ಧತಿಯನ್ನು ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ೧೯೨೦ರಲ್ಲಿ ಗುಜರಾತಿನ ಭಾವನಗರದ ಬಾಲಮಂದಿರದಲ್ಲಿ ಬೆಳೆಸಿದರು. ಅವರ ಜೊತೆ ದುಡಿದವರು ತಾರಾಬಾಯಿ ಮೋಡಕ್. ದಾಂಪತ್ಯ ಮುರಿದ ಮೇಲೆ ತನ್ನ ಕಾಲ ಮೇಲೆ ನಿಂತ ಹೆಂಗಸು ಅವರು.

ತಾರಾಬಾಯಿ ೧೯೪೫ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಕಡಲ ತೀರದ ಹಳ್ಳಿಗೆ ಬಂದರು. ಅವರ ಜೊತೆಗೆ ಸೇರಿದವರು ಅನುತಾಯಿ ವಾಘ್. ಹದಿಮೂರನೇ ವಯಸ್ಸಿಗೆ ಮದುವೆಯಾಗಿ ತಿಂಗಳುಗಳಲ್ಲೇ ವಿಧವೆಯಾದವರು, ಓದಿ ಶಿಕ್ಷಕಿಯಾದವರು. ಬಡವರ ಮಕ್ಕಳು ಶಾಲೆಗೆ ಬರಲಿಲ್ಲ. ಆಗ ಇವರೇ ಮಕ್ಕಳಿದ್ದಲ್ಲಿಗೆ, ಕೇರಿಯ ಅಂಗಳಕ್ಕೆ ಹೋದರು. ಅಂಗಳದಲ್ಲಿ ನಡೆಯುವ ವಾಡಿ, ಅದೇ ಅಂಗನವಾಡಿ. ಮುಂದೆ ಕೋಸಬಾಡದ ಆದಿವಾಸಿ ಹಾಡಿಗಳಲ್ಲಿ ಅವರು ಶಿಶುಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕಟ್ಟಿದರು. ತಮ್ಮ ತಂಗಿಯರು ಪಕ್ಕದ ಶಿಶುಮನೆಯಲ್ಲಿ ಇದ್ದರೆ ಮಾತ್ರ ಅಕ್ಕ ಶಾಲೆಯಲ್ಲಿ ಕೂರಬಲ್ಲಳು ಎಂಬುದನ್ನು ಅವರು ಅರಿತಿದ್ದರು. ನಾನು ಆಗಲೇ ಹೇಳಿದ ಹತ್ತು ವರ್ಷದ ಹುಡುಗಿಯ ಪ್ರಶ್ನೆಗೆ ಉತ್ತರ ಅಷ್ಟು ಹಿಂದೆಯೇ ಸಿಕ್ಕಿತ್ತು.

ಸರ್ಕಾರ ಇದನ್ನು ಕೈಗೆತ್ತಿಕೊಂಡದ್ದು ೧೯೭೫ರ ಅಕ್ಟೋಬರ್ ೨ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಐಸಿಡಿಎಸ್. ದೇಶದಲ್ಲಿ ೩೩ ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲಿಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ೨೦೨೫ಕ್ಕೆ ಐವತ್ತು ವರ್ಷ ತುಂಬಿತು. ಇವತ್ತು ಕರ್ನಾಟಕದಲ್ಲಿ ೬೫ ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಸೇವೆ.

ಇನ್ನೊಂದು ಮಾತು ಮರೆಯಬೇಡಿ. ೨೦೦೦ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಮನೆಮನೆಗೆ ಹೋಗಿ ಹೆಂಗಸರನ್ನು ಕೂಡಿಸಿದವರು ಅಂಗನವಾಡಿ ಕಾರ್ಯಕರ್ತೆಯರು. ಇಲ್ಲಿ ಕೂತಿರುವ ಎಷ್ಟೋ ಸಂಘಗಳ ಮೊದಲ ಸಭೆ ಅಂಗನವಾಡಿಯ ಚಾಪೆಯ ಮೇಲೇ ನಡೆದದ್ದು. ಅದು ನಮ್ಮ ಸಂಘದ ತವರುಮನೆ.

ಅಲ್ಲಿ ಎಂತ ಕಲಿಸ್ತಾರೆ?

"ಬಾಲವಾಡಿಯಲ್ಲಿ ಎಂತ ಕಲಿಸ್ತಾರೆ? ಉಪ್ಪಿಟ್ಟು ತಿಂದು ಮಲಗಿ ಬರ್ತವೆ" ಎಂದು ಹೇಳುವವರಿದ್ದಾರೆ. ಕೇಳಿ. ನಾಲ್ಕು ವರ್ಷದ ಮಗು ಚಿಪ್ಪುಗಳನ್ನು ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಇಟ್ಟಿತು ಎಂದರೆ ಅದು ಲೆಕ್ಕ. ಹಾಡಿನ ಪ್ರಾಸ ಹಿಡಿದು ಚಪ್ಪಾಳೆ ತಟ್ಟಿತು ಎಂದರೆ ಅದು ಓದಿನ ಮೊದಲ ಮೆಟ್ಟಿಲು. ತನ್ನ ಸರದಿ ಬರುವ ತನಕ ಕಾದಿತು ಎಂದರೆ ಅದು ದೊಡ್ಡವರಿಗೂ ಬಾರದ ಪಾಠ. ಮಿದುಳಿನ ಬೆಳವಣಿಗೆಯಲ್ಲಿ ಶೇಕಡ ೮೫ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗಿಬಿಡುತ್ತದೆ ಎಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದೆ. ಆ ಆರು ವರ್ಷದಲ್ಲಿ ಮಗುವಿಗೆ ಬೇಕಾದದ್ದು ಹೊಟ್ಟೆಗೆ ಅನ್ನ, ಮಾತಾಡಿಸುವ ಜನ, ಆಡುವ ಜಾಗ ಮತ್ತು ಹೆದರಿಕೆ ಇಲ್ಲದ ಹೊತ್ತು. ನಮ್ಮ ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಪಠ್ಯಕ್ರಮ ಇದೆ. ಆಟ, ಕಥೆ, ಹಾಡು, ಚಿತ್ರ ಅದರಲ್ಲಿವೆ. ಅದು ನಡೆಯುತ್ತಿದೆಯೇ ಎಂದು ಕೇಳುವವರು ಬೇಕು ಅಷ್ಟೆ.

ಹೆದರಿಕೆಯ ಮಾತು ಬಂತಲ್ಲ. ಮನೆಯಲ್ಲಿ ರಾತ್ರಿ ಆಯಿ ಪೆಟ್ಟು ತಿಂದದ್ದನ್ನು ನೋಡಿದ ಮಗು ಬೆಳಗ್ಗೆ ಮೂಲೆ ಹಿಡಿದು ಕೂರುತ್ತದೆ. ಹಾಡಿಗೆ ಬಾಯಿ ಬಿಡುವುದಿಲ್ಲ. ಯಾರಾದರೂ ಕೈ ಎತ್ತಿದರೆ ತಲೆ ಮುಚ್ಚಿಕೊಳ್ಳುತ್ತದೆ. ಗೊಂಬೆಯಾಟದಲ್ಲಿ ಗಂಡುಗೊಂಬೆಯಿಂದ ಹೆಣ್ಣುಗೊಂಬೆಗೆ ಹೊಡೆಸುತ್ತದೆ. ಹಿಂಸೆ ಮಗುವಿನ ಕಲಿಕೆಯನ್ನು ಹೀಗೆ ತಿನ್ನುತ್ತದೆ. ದಿನಕ್ಕೆ ಆರು ತಾಸು ಅಂಗನವಾಡಿಯಲ್ಲಿ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಜಗತ್ತಿನಲ್ಲಿ ಹೊಡೆಯದ ದೊಡ್ಡವರೂ ಇದ್ದಾರೆ ಎಂದು ಆ ಮಗುವಿಗೆ ಗೊತ್ತಾಗುತ್ತದೆ. ಅದೂ ಒಂದು ಪಾಠ.

ಭಾಷೆಯ ವಿಷಯವನ್ನೂ ಹೇಳಬೇಕು. ನಮ್ಮ ಮೂರು ತಾಲ್ಲೂಕಿನ ಮಕ್ಕಳು ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು, ಹಾಲಕ್ಕಿಗಳ ಕನ್ನಡ, ಹೀಗೆ ಹಲವು ಮಾತು ಆಡುತ್ತಾರೆ. ಮೊದಲ ದಿನ ಮಗುವಿನ ಮನೆಮಾತಿನಲ್ಲಿ "ಊಟ ಆಯ್ತಾ?" ಎಂದು ಕೇಳಬಲ್ಲ ಅಕ್ಕೋರು ಇದ್ದರೆ ಮಗು ಅಳು ನಿಲ್ಲಿಸುತ್ತದೆ. ಅದೇ ಕೇರಿಯ, ಅದೇ ಊರಿನ ಹೆಂಗಸು ಅಕ್ಕೋರಾಗಿರುವುದರಿಂದಲೇ ಇದು ಆಗುವುದು. ಖಾರ್ವಿಯರ ಮಗು, ಹಾಲಕ್ಕಿಗಳ ಮಗು, ಮುಸಲ್ಮಾನರ ಮಗು, ದಲಿತರ ಮಗು ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುವ ಜಾಗ ನಮ್ಮ ಊರುಗಳಲ್ಲಿ ಬೇರೆ ಎಷ್ಟಿವೆ?

ಫೀಸು ಎಂಬ ಹೊಸ ವರದಕ್ಷಿಣೆ

ಈಗ ಖಾಸಗಿ ನರ್ಸರಿಗಳ ಕಾಲ. ಟೈ, ಬೂಟು, ವ್ಯಾನು. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಎಬಿಸಿಡಿ ಬರೆಸುತ್ತಾರೆ. ತಾಯಂದಿರಿಗೆ ಇಂಗ್ಲಿಷಿನ ಆಸೆ ಇದೆ. ಆ ಆಸೆ ತಪ್ಪಲ್ಲ, ತಮಗೆ ಸಿಗದ್ದು ಮಕ್ಕಳಿಗೆ ಸಿಗಲಿ ಎಂಬ ಆಸೆ ಅದು. ಆದರೆ ಫೀಸು ಕಟ್ಟುವವರು ಯಾರು ಎಂದು ನೋಡಿ. "ಮಗನನ್ನ ಇಂಗ್ಲಿಷ್ ಶಾಲೆಗೆ ಹಾಕೂದಾದ್ರೆ ನಿನ್ನ ಅಪ್ಪ ಫೀಸು ಕೊಡ್ಲಿ" ಎಂದು ಸೊಸೆಯನ್ನು ತವರಿಗೆ ಕಳಿಸಿದ ಮನೆಗಳು ನನಗೆ ಗೊತ್ತು. ಮದುವೆಯಲ್ಲಿ ಒಂದು ಸಲ, ಬಾಣಂತನದಲ್ಲಿ ಒಂದು ಸಲ, ತೊಟ್ಟಿಲಿಗೆ ಒಂದು ಸಲ, ಈಗ ನರ್ಸರಿಗೆ ವರ್ಷಕ್ಕೊಂದು ಸಲ. ವರದಕ್ಷಿಣೆ ಹೆಸರು ಬದಲಿಸಿಕೊಂಡು ಬರುತ್ತದೆ.

ಇನ್ನೊಂದು ಕಡೆ, ಅದೇ ಮನೆಯಲ್ಲಿ ಗಂಡುಮಗು ವ್ಯಾನಿನಲ್ಲಿ ನರ್ಸರಿಗೆ, ಹೆಣ್ಣುಮಗು ನಡೆದು ಅಂಗನವಾಡಿಗೆ. ನನ್ನ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರು ಹೆಚ್ಚುತ್ತಾ ಹೋದಾಗ ಊರು ಏನು ಲೆಕ್ಕ ಹಾಕುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ನೀವು ಮನೆಗೆ ಹೋದ ಮೇಲೆ ನಿಮ್ಮ ಸಂಘದ ಸಾಲದ ಪುಸ್ತಕ ತೆಗೆಯಿರಿ. ಎಷ್ಟು ಸಾಲ ನರ್ಸರಿ ಫೀಸಿಗೆ ಹೋಗಿದೆ, ಅದರಲ್ಲಿ ಗಂಡುಮಕ್ಕಳಿಗೆ ಎಷ್ಟು, ಹೆಣ್ಣುಮಕ್ಕಳಿಗೆ ಎಷ್ಟು, ಕಂತು ಕಟ್ಟುತ್ತಿರುವವರು ಯಾರು ಎಂದು ಬರೆಯಿರಿ. ಮುಂದಿನ ಸಭೆಯಲ್ಲಿ ಅದನ್ನೇ ಚರ್ಚೆಗೆ ಇಡಿ.

ಅಂಗನವಾಡಿಯಲ್ಲಿ ಇಂಗ್ಲಿಷ್ ಇಲ್ಲ, ಸಮವಸ್ತ್ರ ಇಲ್ಲ ಎಂದು ದೂರುತ್ತೇವೆ. ಸರಿ, ಕೇಳೋಣ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆದರೆ ಅಂಗನವಾಡಿ ಬರಿದಾಗುತ್ತದೆ ಎಂದು ೨೦೨೪ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷ ಕೆಲವು ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಮಾಡಲು ಸರ್ಕಾರ ಹೊರಟಿತು. ಕೇಳಿದರೆ ಬದಲಾವಣೆ ಆಗುತ್ತದೆ. ಮಗುವನ್ನು ಬಿಡಿಸಿಕೊಂಡು ಹೋದರೆ ಕೇಂದ್ರ ಬರಿದಾಗುತ್ತದೆ. ಬರಿದಾದದ್ದನ್ನು ಮುಚ್ಚುವುದು ಸುಲಭ. ಮುಚ್ಚಿದ ದಿನ ಫೀಸು ಕಟ್ಟಲಾಗದವಳ ಮಗು ಬೀದಿಯಲ್ಲಿ.

ಸಾರ್ವಜನಿಕರದ್ದು ಎಂದರೆ ನಮ್ಮದು

ಏತಕ್ಕೆ ಇದು ಸರ್ಕಾರದ್ದೇ ಆಗಿರಬೇಕು? ಕಂಪನಿಗಳು, ದಾನಿಗಳು ನಡೆಸಬಾರದೇ ಎಂದು ಕೇಳಬಹುದು.

೧೯೪೮ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಮನೆ ಇರಲೇಬೇಕು ಎಂದಿತ್ತು. ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಮಂದಿ ದುಡಿಯುವ ಸಂಸ್ಥೆಗಳಿಗೆ ಅದೇ ಮಾತು ಹೇಳಿತು. ಒಳ್ಳೆಯದೇ. ಆದರೆ ಮೀನು ಮಾರುವವಳ ಧಣಿ ಯಾರು? ಬಳಚು ತೆಗೆಯುವವಳಿಗೆ ಕಾರ್ಖಾನೆ ಎಲ್ಲಿದೆ? ಮಲ್ಲಿಗೆ ಕಟ್ಟುವವಳ ಮಗುವಿಗೆ ಶಿಶುಮನೆ ಕೊಡು ಎಂದು ಯಾರನ್ನು ಕೇಳುವುದು? ನಮ್ಮಂಥವರಿಗೆ ಸರ್ಕಾರ ಬಿಟ್ಟರೆ ಕೇಳಲು ಬೇರೆ ಬಾಗಿಲಿಲ್ಲ.

ದಾನಿ ಕೊಟ್ಟದ್ದು ದಾನ. ಅವನಿಗೆ ಸಾಕೆನಿಸಿದ ದಿನ ನಿಲ್ಲುತ್ತದೆ. ಅತ್ತೆ ಕೊಟ್ಟದ್ದು ಉಪಕಾರ. ಜಗಳದ ದಿನ ನಿಲ್ಲುತ್ತದೆ. ಅಂಗನವಾಡಿಯನ್ನು ನಾವು ಹಕ್ಕಿನಿಂದ ಕೇಳಬಹುದು. ಬಡತನ ರೇಖೆಯ ಕಾರ್ಡು ಇದೆಯೇ ಎಂದು ನೋಡಿ ಮಗುವನ್ನು ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು ೨೦೦೪ರಲ್ಲಿ ಹೇಳಿತು. ೨೦೦೬ರ ಡಿಸೆಂಬರ್ ೧೩ರ ಆದೇಶದಲ್ಲಿ ಇನ್ನೂ ಮುಂದೆ ಹೋಗಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಎಂದಿತು. ೨೦೧೩ರ ಆಹಾರ ಭದ್ರತಾ ಕಾಯ್ದೆ ಅಲ್ಲಿನ ಊಟವನ್ನು ಕಾನೂನಿನ ಹಕ್ಕು ಮಾಡಿತು.

ಇಟಲಿಯ ಹೆಂಗಸರ ಒಂದು ಕಥೆ ಹೇಳುತ್ತೇನೆ. ೧೯೪೫ರಲ್ಲಿ ಮಹಾಯುದ್ಧ ಮುಗಿದಾಗ ರೆಜಿಯೊ ಎಮಿಲಿಯಾ ಎಂಬ ಊರಿನ ಹತ್ತಿರದ ಹಳ್ಳಿಯೊಂದರಲ್ಲಿ ಓಡಿಹೋದ ಜರ್ಮನ್ ಸೈನ್ಯ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಬಿಟ್ಟು ಹೋಗಿತ್ತು. ಅವನ್ನು ಮಾರಿ ಬಂದ ಹಣದಲ್ಲಿ ಊರವರು ಮಕ್ಕಳ ಶಾಲೆ ಕಟ್ಟಿದರು. ಬಿದ್ದ ಮನೆಗಳ ಇಟ್ಟಿಗೆ ಹೊತ್ತು ಗೋಡೆ ಎಬ್ಬಿಸಿದರು. ಸುತ್ತಲಿನ ಊರುಗಳಲ್ಲಿ ಮಹಿಳಾ ಸಂಘದವರೂ ಇಂಥವನ್ನು ನಡೆಸಿದರು. ಚಂದಾ ಎತ್ತಿ ಎಷ್ಟು ದಿನ? ಇದನ್ನು ನಗರಸಭೆ ವಹಿಸಿಕೊಳ್ಳಬೇಕು ಎಂದು ವರ್ಷಗಟ್ಟಲೆ ಕೂಗಿದರು. ೧೯೬೩ರಲ್ಲಿ ನಗರಸಭೆಯೇ ತನ್ನ ಮೊದಲ ಶಾಲೆ ತೆರೆಯಿತು. ಊರವರು ಕಟ್ಟಿದ ಶಾಲೆಗಳನ್ನೂ ಆಮೇಲೆ ವಹಿಸಿಕೊಂಡಿತು. ಇವತ್ತು ಪ್ರಪಂಚದ ಶಿಕ್ಷಕರು ಆ ಊರಿನ ಶಾಲೆಗಳನ್ನು ನೋಡಲು ಹೋಗುತ್ತಾರೆ. ಅದು ಸಾರ್ವಜನಿಕರದ್ದಾದ ಮೇಲೂ ಊರ ತಾಯಿತಂದೆಯರು ಅದನ್ನು ಕೈಬಿಡಲಿಲ್ಲ, ಸಮಿತಿಗಳಲ್ಲಿ ಕೂತು ನಡೆಸುತ್ತ ಬಂದರು. ನಾವು ಕಲಿಯಬೇಕಾದದ್ದು ಇದು. ದುಡ್ಡು ಸರ್ಕಾರದ್ದು, ಕಣ್ಣು ನಮ್ಮದು.

ಕೊರತೆಗಳು

ಅಂಗನವಾಡಿಯ ಕೊರತೆಗಳನ್ನು ಮುಚ್ಚಿಡಲು ನಾನು ಬಂದಿಲ್ಲ. ಮೊದಲನೆಯದು ಮೂರು ವರ್ಷದೊಳಗಿನ ಮಕ್ಕಳದ್ದು. ಅವರಿಗೆ ಆಹಾರ ಇದೆ, ಜಾಗ ಇಲ್ಲ. ೨೦೦೫ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಐದು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ಕೂಲಿ ಕೊಟ್ಟು ನೇಮಿಸಬೇಕು ಎಂದಿತ್ತು. ಹೆಚ್ಚಿನ ಕಡೆ ಅದು ಕಾಗದದಲ್ಲೇ ಉಳಿಯಿತು. ಕೂಲಿ ಕೆಲಸದ ತಾಯಂದಿರ ಮಕ್ಕಳಿಗಾಗಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ನಮ್ಮ ರಾಜ್ಯ ಸರ್ಕಾರ ೨೦೨೩ರಲ್ಲಿ ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆದಿದೆಯೇ, ಎಷ್ಟು ಮಕ್ಕಳಿದ್ದಾರೆ ಎಂದು ನೋಡಿ ಬನ್ನಿ.

ಎರಡನೆಯದು ಹೊತ್ತು. ಅಂಗನವಾಡಿ ಬಾಗಿಲು ತೆರೆಯುವಾಗ ಮೀನು ಮಾರುವವಳ ಅರ್ಧ ವ್ಯಾಪಾರ ಮುಗಿದಿರುತ್ತದೆ. ಮುಚ್ಚುವಾಗ ಕಾರ್ಖಾನೆಯವಳು ಇನ್ನೂ ಬೀಜ ಸುಲಿಯುತ್ತಿರುತ್ತಾಳೆ. ೨೦೨೩ರ ಜೂನಿನಿಂದ ನಮಗೆ ಬಸ್ಸು ಉಚಿತ. ಕಾರವಾರದವರೆಗೂ ಹೋಗಿ ಬರಬಹುದು. ಮಗುವನ್ನು ಬಿಡಲು ಜಾಗವಿಲ್ಲದವಳಿಗೆ ಬಸ್ಸು ಮನೆಯ ಮುಂದೆ ನಿಂತರೂ ಏನು ಬಂತು?

ಮೂರನೆಯದು ಅಕ್ಕೋರ ಸ್ಥಿತಿ. ಮೂವತ್ತು ಮಕ್ಕಳನ್ನು ನೋಡುವವಳಿಗೆ ಸಂಬಳ ಇಲ್ಲ, ಗೌರವಧನ. ಕೇಂದ್ರ ಸರ್ಕಾರ ತನ್ನ ಲೆಕ್ಕದಲ್ಲಿ ಅದನ್ನು ೨೦೧೮ರಲ್ಲಿ ತಿಂಗಳಿಗೆ ೪,೫೦೦ ರೂಪಾಯಿಗೆ, ಸಹಾಯಕಿಗೆ ೨,೨೫೦ ರೂಪಾಯಿಗೆ ಏರಿಸಿತು. ಆಮೇಲೆ ವರ್ಷಗಟ್ಟಲೆ ಕದಲಲಿಲ್ಲ. ಉಳಿದದ್ದನ್ನು ರಾಜ್ಯ ಸೇರಿಸಿ ಕೊಡುತ್ತದೆ. ಇವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ೨೦೨೨ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟ ಮೇಲೂ, ಅದನ್ನು ಕೇಳಲು ನಮ್ಮ ರಾಜ್ಯದ ಕಾರ್ಯಕರ್ತೆಯರು ೨೦೨೩ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಮಗುವನ್ನು ನೋಡಿಕೊಳ್ಳುವುದು ಹೆಂಗಸಿನ ಹುಟ್ಟುಗುಣ, ಅದಕ್ಕೆ ಕೂಲಿ ಏತಕ್ಕೆ ಎಂಬ ಮಾತು ಮನೆಯಲ್ಲಿ ನಡೆಯುತ್ತದೆ. ಸರ್ಕಾರವೂ ಅದೇ ಮಾತು ಆಡಿದರೆ ಗಂಡನ ಮನೆಗೂ ಸರ್ಕಾರಕ್ಕೂ ಏನು ವ್ಯತ್ಯಾಸ? ಅಕ್ಕೋರ ಕೂಲಿಯ ಹೋರಾಟ ನಮ್ಮ ಹೋರಾಟವೂ ಹೌದು.

ಮಗು ತಾಯಿಯದ್ದು ಮಾತ್ರವೇ ಎಂದೂ ಕೇಳಬೇಕು. ನನ್ನ ಇಪ್ಪತ್ತಾರು ವರ್ಷದ ತಾಯಂದಿರ ಸಭೆಗಳಿಗೆ ಬಂದ ಅಪ್ಪಂದಿರನ್ನು ಬೆರಳಲ್ಲಿ ಎಣಿಸಬಹುದು. ಮಗುವನ್ನು ಬಿಡಲು, ಕರೆದೊಯ್ಯಲು ಅವರೂ ಬರಲಿ. ಜೂನ್, ಜುಲೈಯಲ್ಲಿ ದೊಡ್ಡ ದೋಣಿಗಳು ಕಡಲಿಗಿಳಿಯದ ಎರಡು ತಿಂಗಳಾದರೂ ಬರಲಿ.

ಅದೇ ಕಚೇರಿ, ಅದೇ ಅಧಿಕಾರಿ

ಈಗ ಊಟದ ಹೊತ್ತಿನ ಪ್ರಶ್ನೆಗೆ ಕೊನೆಯ ಉತ್ತರ. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂತು. ಅದರಲ್ಲಿ ಸಂರಕ್ಷಣಾಧಿಕಾರಿ ಎಂಬ ಹುದ್ದೆ ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಹೊಣೆ ಕೊಟ್ಟದ್ದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ನಾವು ಸಿಡಿಪಿಒ ಎಂದು ಕರೆಯುವವರಿಗೆ. ಅಂಗನವಾಡಿಯ ಮೇಲಧಿಕಾರಿಯೂ ಅವರೇ. ಹೊಡೆಸಿಕೊಂಡವಳ ದೂರನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ವರದಿ ಕಳಿಸಬೇಕಾದವರೂ ಅವರೇ.

ಈ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕು ಕೇಳಬಹುದು, ಜೀವನಾಂಶ ಕೇಳಬಹುದು, ಮಗು ತಾತ್ಕಾಲಿಕವಾಗಿ ತನ್ನ ಬಳಿಯೇ ಇರಲಿ ಎಂದು ಕೇಳಬಹುದು. ನಾಲ್ಕನೇ ಕಲಮಿನ ಪ್ರಕಾರ ಪೆಟ್ಟು ತಿಂದವಳೇ ಬರಬೇಕೆಂದಿಲ್ಲ. ಹಿಂಸೆ ನಡೆಯುತ್ತಿದೆ ಎಂದು ತಿಳಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ನಮ್ಮ ಸಂಘವೇ ತಿಳಿಸಬಹುದು. ಠಾಣೆಗೆ ಹೋಗಲು ಹೆದರುವ ಹೆಂಗಸು, ಗಂಡನ ಮನೆಯವರು ಎಲ್ಲಿಗೂ ಬಿಡದ ಹೆಂಗಸು, ಮಗುವನ್ನು ಬಿಡಲು ಅಂಗನವಾಡಿಗೆ ಬರುತ್ತಾಳೆ. ಸರ್ಕಾರದ ಬಾಗಿಲುಗಳಲ್ಲಿ ಅವಳು ದಿನವೂ ತುಳಿಯುವ ಬಾಗಿಲು ಇದೊಂದೇ. ಅದನ್ನು ನಾವು ಉಳಿಸಿಕೊಳ್ಳಬೇಕು.

ಮಾಡಬೇಕಾದದ್ದು

ಹಾಗಾಗಿ ಪ್ರತಿ ಸಂಘವೂ ಈ ಕೆಲಸಗಳನ್ನು ಹಿಡಿಯಲಿ ಎಂದು ಕೇಳುತ್ತೇನೆ.

೧. ನಿಮ್ಮ ಕೇರಿಯಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ, ಅದರಲ್ಲಿ ಮೂರು ವರ್ಷದೊಳಗಿನವರು ಎಷ್ಟು ಎಂದು ಮನೆಮನೆ ತಿರುಗಿ ಬರೆಯಿರಿ. ತಾಯಿ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದನ್ನೂ ಸೇರಿಸಿ. ಹೊಳೆ ನಡುವಿನ ಕುರ್ವೆಗಳನ್ನು ಬಿಡಬೇಡಿ.

೨. ಆ ಪಟ್ಟಿ ಹಿಡಿದು ಮಹಿಳಾ ಗ್ರಾಮಸಭೆಯಲ್ಲಿ ಸಣ್ಣ ಮಕ್ಕಳಿಗೆ ಕೂಸಿನ ಮನೆ, ದೊಡ್ಡವರಿಗೆ ನಮ್ಮ ದುಡಿಮೆಗೆ ಹೊಂದುವ ಹೊತ್ತು ಕೇಳಿ. ಹೊತ್ತು ಹೆಚ್ಚಿದರೆ ಇನ್ನೊಬ್ಬರನ್ನು ಕೂಲಿ ಕೊಟ್ಟು ನೇಮಿಸಲಿ. ಇರುವ ಅಕ್ಕೋರ ಮೇಲೆ ಹೇರಬೇಡಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಓದಿಸಿಕೊಂಡು ಬನ್ನಿ.

೩. ಬಾಲವಿಕಾಸ ಸಮಿತಿಯಲ್ಲಿ ಸಂಘದವರು ಇರಲಿ. ಮೊಟ್ಟೆ ಬಂತೇ, ಚಿಲಿಪಿಲಿ ನಡೆಯುತ್ತಿದೆಯೇ, ಮಳೆಗಾಲದಲ್ಲಿ ಮಾಡು ಸೋರುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ.

೪. ಸಂರಕ್ಷಣಾಧಿಕಾರಿಯ ಹೆಸರು, ಫೋನ್ ನಂಬರು, ಮಹಿಳಾ ಸಹಾಯವಾಣಿ ೧೮೧ ಮತ್ತು ಮಕ್ಕಳ ಸಹಾಯವಾಣಿ ೧೦೯೮ ಪ್ರತಿ ಅಂಗನವಾಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.

೫. ಯಾರಾದರೂ ಹೆಂಗಸು ಮಗುವನ್ನು ಕಟ್ಟಿಕೊಂಡು ಮನೆ ಬಿಟ್ಟು ಬಂದರೆ, ಆ ಮಗುವನ್ನು ಮಾರನೇ ದಿನವೇ ಹತ್ತಿರದ ಅಂಗನವಾಡಿಗೆ ಸೇರಿಸಿ. ಆಧಾರ್ ಇಲ್ಲ, ಜನನ ಪ್ರಮಾಣ ಪತ್ರ ಗಂಡನ ಮನೆಯಲ್ಲಿ ಉಳಿದಿದೆ ಎಂದು ಮಗುವನ್ನು ಹೊರಗೆ ನಿಲ್ಲಿಸಲು ಬಿಡಬೇಡಿ. ಮೂರು ವರ್ಷ ತುಂಬದ ಮಗುವಾದರೆ, ಸರ್ಕಾರ ಜಾಗ ಕೊಡುವವರೆಗೆ ಸಂಘದಲ್ಲೇ ಸರದಿ ಹಾಕಿಕೊಳ್ಳಿ. ಆ ಸರದಿಯ ಲೆಕ್ಕವನ್ನು ಬರೆದಿಡಿ, ಅದನ್ನೇ ಬೇಡಿಕೆಯ ಅರ್ಜಿಗೆ ಲಗತ್ತಿಸಿ.

ಸಂಘದಲ್ಲಿ ನಾವು ಕೂಡಿಸಿದ ಹಣದಿಂದ ನಮಗೆ ಬ್ಯಾಂಕಿನ ಬಾಗಿಲು ತೆರೆಯಿತು. ನಮ್ಮಲ್ಲಿ ಹಲವರು ಪಂಚಾಯಿತಿ ಸದಸ್ಯೆಯರೂ ಆದರು. ಇಷ್ಟಾದರೂ ರಾತ್ರಿ ಪೆಟ್ಟು ತಿಂದವಳು ಬೆಳಗ್ಗೆ ಮಗುವಿನ ಮುಖ ನೋಡಿ ಅಲ್ಲೇ ಉಳಿಯುತ್ತಾಳೆ. ಅವಳು ಹೊಸ್ತಿಲು ದಾಟಬೇಕಾದರೆ ಆ ಮಗುವಿಗೆ ಹಗಲಿಡೀ ಇರಲು, ಉಣ್ಣಲು, ಆಡಿ ಕಲಿಯಲು ಯಾರ ಹಂಗೂ ಇಲ್ಲದ ಒಂದು ಜಾಗ ಊರಿನಲ್ಲಿ ಇರಬೇಕು. ಮುಂದಿನ ಗ್ರಾಮಸಭೆಗೆ ಪಟ್ಟಿ ಹಿಡಿದುಕೊಂಡೇ ಹೋಗೋಣ.